ಎಳೆಯ ಮನಸ್ಸಿನ ಬೇನೆ

ಮಗುವಿಗೆ ಜ್ವರ ಬಂದರೆ ಮನೆಯೆಲ್ಲ ಎಚ್ಚರಾಗುತ್ತದೆ. ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ತಂದೆ ದವಾಖಾನೆಗೆ ಧಾವಿಸುತ್ತಾನೆ. ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಅದೇ ಮಗು ತಿಂಗಳುಗಟ್ಟಲೆ ನಗುವದನ್ನು ಮರೆತರೆ, ಆಟ ಬಿಟ್ಟು ಮೂಲೆ ಸೇರಿದರೆ, ಶಾಲೆಯ ಹೆಸರೆತ್ತಿದೊಡನೆ ಬೆವರಿದರೆ ಆಗ ವಿಚಾರಿಸುವವರು ಯಾರು? “ಹಟಮಾರಿ”, “ಮೈಗಳ್ಳ”, “ಅಜ್ಜಿ ಮುದ್ದು ಮಾಡಿ ಕೆಡಿಸಿದಳು” ಎಂಬ ಮಾತುಗಳೇ ಅದರ ಪಾಲಿಗೆ ಬರುವ ಔಷಧ. ದೇಹದ ಬೇನೆಗೆ ಒಂದು ನ್ಯಾಯ, ಮನಸ್ಸಿನ ಬೇನೆಗೆ ಇನ್ನೊಂದು ನ್ಯಾಯ ಎಂಬ ಈ ಪಕ್ಷಪಾತವು ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಪಕ್ಷಪಾತವೆಂಬ ಅರಿವೇ ಅನೇಕರಿಗೆ ಇಲ್ಲವಾಗಿದೆ. ಆದ್ದರಿಂದ ಈ ವಿಷಯವನ್ನು ವಾಚಕರ ಮುಂದೆ ಸ್ವಲ್ಪ ವಿವರವಾಗಿ ಇಡುವದು ಅವಶ್ಯವೆಂದು ನಾವು ಬಗೆದಿದ್ದೇವೆ.

ಇದು ಪಟ್ಟಣದ ಶ್ರೀಮಂತರ ಮನೆಯ ಮಕ್ಕಳಿಗೆ ಬರುವ ನಾಜೂಕಿನ ರೋಗವೆಂದು ತಿಳಿಯುವವರು ಉಂಟು. ಆ ತಿಳಿವಳಿಕೆಗೆ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಹದಿನಾರು ವರ್ಷದವರೆಗಿನ ೨೦೬೪ ಮಕ್ಕಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ ೧೨.೫ ಮಕ್ಕಳಲ್ಲಿ ಯಾವುದಾದರೊಂದು ಬಗೆಯ ಮಾನಸಿಕ ತೊಂದರೆ ಕಂಡುಬಂದಿತೆಂದು ಹೇಳಿದ್ದಾರೆ. ಮಧ್ಯಮ ವರ್ಗದವರ ಬಡಾವಣೆ, ಕೊಳಚೆ ಪ್ರದೇಶ, ಹಳ್ಳಿ ಈ ಮೂರರಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಸಮನಾಗಿಯೇ ಇದ್ದಿತು. ೨೦೧೫-೧೬ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ನೂರಕ್ಕೆ ೭.೩ ಜನರಿಗೆ ಇಂಥ ತೊಂದರೆಯಿದೆಯೆಂದು ಕಂಡುಕೊಂಡಿತು. ನಲವತ್ತು ಹುಡುಗರು ಕುಳಿತ ಒಂದು ಹೈಸ್ಕೂಲು ವರ್ಗದಲ್ಲಿ ಇಬ್ಬರೋ ಮೂವರೋ ಈ ಭಾರವನ್ನು ಹೊತ್ತು ಕುಳಿತಿದ್ದಾರೆಂದು ಇದರರ್ಥ.

ಆದರೆ ಬೆಂಗಳೂರಿನ ಆ ವರದಿಯಲ್ಲಿ ನಮ್ಮ ಮನಸ್ಸನ್ನು ಕಲಕಿದ ಅಂಕಿ ಬೇರೊಂದಿದೆ. ತಮ್ಮ ಮಗುವಿಗೆ ಏನೋ ತೊಂದರೆಯಿದೆಯೆಂದು ಅರಿತಿದ್ದ ಕುಟುಂಬಗಳು ನೂರಕ್ಕೆ ೩೭.೫ ಮಾತ್ರ! ಉಳಿದ ಮನೆಗಳಲ್ಲಿ ಮಗು ಒಂದೇ ಸೂರಿನಡಿ ಉಂಡು ಮಲಗುತ್ತಿದ್ದರೂ ಅದರ ಬೇನೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಂದೆತಾಯಿಗಳಿಗೆ ಪ್ರೀತಿಯಿರಲಿಲ್ಲವೆಂದು ಹೇಳುವದು ಘೋರ ಅನ್ಯಾಯವಾದೀತು. ಪ್ರೀತಿಯಿತ್ತು, ಗುರುತು ಹಿಡಿಯುವ ಬಗೆ ತಿಳಿದಿರಲಿಲ್ಲ. ಆ ಬಗೆಯನ್ನು ತಿಳಿಸುವದೇ ಈ ಲೇಖನದ ಉದ್ದೇಶ.

ಮಾತಿಲ್ಲದ ವೇದನೆ

ಮಗು ತನ್ನ ದುಃಖವನ್ನು ಹಿರಿಯರ ಭಾಷೆಯಲ್ಲಿ ಹೇಳಲಾರದು. “ನನ್ನ ಮನಸ್ಸಿಗೆ ಸಮಾಧಾನವಿಲ್ಲ” ಎನ್ನಲು ಅದಕ್ಕೆ ಶಬ್ದಗಳಿಲ್ಲ. ನಮ್ಮ ಪ್ರಾಚೀನರು ಈ ಕಷ್ಟವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದು ಒಂದು. ಆ ಶಾಸ್ತ್ರದ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವೇ ಇದೆ. ಮಾತು ಬಾರದ ಕೂಸಿಗೆ ಎಲ್ಲಿ ನೋವೆಂಬುದನ್ನು ಅದರ ಚೇಷ್ಟೆಗಳಿಂದಲೇ ವೈದ್ಯನು ತಿಳಿಯಬೇಕೆಂದೂ, ಕಿವಿ ನೋಯುವ ಕೂಸು ಕಿವಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವದೆಂದೂ ಅಲ್ಲಿ ವಿವರಿಸಿದೆ. ಹಾಲುಗೂಸಿನ ದೇಹದ ನೋವಿಗೆ ಅವರು ಹೇಳಿದ ಈ ಮಾತು ಶಾಲೆಗೆ ಹೋಗುವ ಮಗುವಿನ ಮನಸ್ಸಿನ ನೋವಿಗೂ ಸಲ್ಲುತ್ತದೆ. ಮಾತು ಕಲಿತಿದ್ದರೂ ಈ ವಿಷಯದಲ್ಲಿ ಅದು ಮಾತು ಬಾರದ ಕೂಸೇ.

ಹಾಗಾದರೆ ಮನಸ್ಸಿನ ವೇದನೆಯ ಚೇಷ್ಟೆಗಳಾವುವು? ಮೊದಲನೆಯದು ದೇಹದ ದೂರು. ಎಂಟು ವರ್ಷದ ಹುಡುಗನಿಗೆ ಪ್ರತಿ ಸೋಮವಾರ ಮುಂಜಾನೆ ಹೊಟ್ಟೆನೋವು. ರವಿವಾರ ನೋವಿಲ್ಲ, ರಜೆಯಲ್ಲಂತೂ ಇಲ್ಲವೇ ಇಲ್ಲ. ಡಾಕ್ಟರರು ನೋಡಿ ಹೊಟ್ಟೆಯಲ್ಲಿ ದೋಷವಿಲ್ಲವೆಂದೊಡನೆ ಮನೆಯವರು ಅದನ್ನು ಸೋಗು ಎಂದು ತೀರ್ಮಾನಿಸುತ್ತಾರೆ. ಸೋಗಲ್ಲ, ನೋವು ನಿಜವಾದದ್ದೇ. ಭಯವು ಕರುಳನ್ನು ಹಿಂಡಬಲ್ಲದೆಂಬುದನ್ನು ಪರೀಕ್ಷೆಯ ದಿನ ಅನುಭವಿಸದ ಹಿರಿಯರಾರಿದ್ದಾರೆ? ಎರಡನೆಯದು ಸಿಟ್ಟು. ಹಿರಿಯರಲ್ಲಿ ಖಿನ್ನತೆಯು ಕಣ್ಣೀರಾಗಿ, ಮೌನವಾಗಿ ಕಾಣುತ್ತದೆ. ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಡಿಮಿಡಿಯಾಗಿ, ಸಣ್ಣ ಮಾತಿಗೆ ತಟ್ಟೆ ಎಸೆಯುವ ಕೋಪವಾಗಿ ಹೊರಬೀಳುತ್ತದೆ. ಇದನ್ನರಿಯದೆ ದುಃಖಕ್ಕೆ ದಂಡನೆ ಕೊಡುವ ಮನೆಗಳು ಬಹಳ. ಮೂರನೆಯದು ಹಿಂದಕ್ಕೆ ಸರಿಯುವದು: ಹಾಸಿಗೆ ಒದ್ದೆ ಮಾಡುವದನ್ನು ಬಿಟ್ಟು ವರ್ಷಗಳಾಗಿದ್ದ ಮಗು ಮತ್ತೆ ಮಾಡತೊಡಗುವದು, ಒಂಟಿಯಾಗಿ ಮಲಗುತ್ತಿದ್ದದ್ದು ತಾಯಿಯ ಸೆರಗು ಬಿಡದಿರುವದು. ನಾಲ್ಕನೆಯದು ಮೌನ. ಮನೆಯಲ್ಲಿ ಹರಟುವ ಹುಡುಗಿ ಶಾಲೆಯಲ್ಲಿ ತಿಂಗಳಾದರೂ ಒಂದು ಶಬ್ದ ಆಡುವದಿಲ್ಲವೆಂದರೆ ಅದು ಸೊಕ್ಕಲ್ಲ, ಭಯ. ಈ ನಾಲ್ಕರಲ್ಲಿ ಕೊನೆಯದೇ ಹೆಚ್ಚು ಅಪಾಯಕಾರಿಯೆಂದು ನಮ್ಮ ಅಭಿಪ್ರಾಯ. ಗದ್ದಲ ಮಾಡುವ ಮಗುವಿನ ಕಡೆಗೆ ಮಾಸ್ತರರು ತಿರುಗಿಯಾದರೂ ನೋಡುತ್ತಾರೆ. ಸುಮ್ಮನೆ ಕುಳಿತ ಮಗುವನ್ನು “ಒಳ್ಳೇ ಹುಡುಗಿ” ಎಂದು ಹೊಗಳಿ ಮರೆಯುತ್ತಾರೆ.

ಅಳತೆ ಯಾವುದು?

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳುವದು ಸಹಜ: “ಮಕ್ಕಳೆಂದ ಮೇಲೆ ಅಳು, ಹಟ, ಹೆದರಿಕೆ ಇಲ್ಲದಿದ್ದೀತೇ? ಎಲ್ಲವನ್ನೂ ರೋಗವೆನ್ನುತ್ತ ಹೋದರೆ ಗತಿಯೇನು?” ಈ ಪ್ರಶ್ನೆಗೆ ಬೆಲೆಯಿದೆ. ಎಂಟು ತಿಂಗಳ ಕೂಸು ಅಪರಿಚಿತರನ್ನು ಕಂಡು ಅಳುವದು, ನಾಲ್ಕು ವರ್ಷದ ಮಗು ಕತ್ತಲೆಗೂ ಗುಮ್ಮನಿಗೂ ಅಂಜುವದು, ಎರಡು ವರ್ಷದ್ದು ನೆಲಕ್ಕೆ ಬಿದ್ದು ಹೊರಳಿ ಹಟ ಮಾಡುವದು, ಹದಿನಾಲ್ಕು ವರ್ಷದವನು ಬಾಗಿಲು ಹಾಕಿಕೊಂಡು ಕುಳಿತುಕೊಳ್ಳುವದು ಇವೆಲ್ಲ ಬೆಳವಣಿಗೆಯ ಮೆಟ್ಟಲುಗಳು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಗಾಬರಿಪಡಬೇಕಾದದ್ದಿಲ್ಲ. ಅಜ್ಜ ತೀರಿಕೊಂಡಾಗ ಮೊಮ್ಮಗ ನಾಲ್ಕು ದಿನ ಊಟ ಬಿಟ್ಟರೆ ಅದು ರೋಗವಲ್ಲ, ಅಂತಃಕರಣ.

ಸಹಜವಾದದ್ದನ್ನೂ ಬೇನೆಯನ್ನೂ ಬೇರ್ಪಡಿಸಲು ಮೂರು ಅಳತೆಗಳನ್ನು ನೆನಪಿಡಬೇಕು: ಕಾಲ, ವ್ಯಾಪ್ತಿ, ಹಾನಿ. ಬೇಸರ, ಅಳು, ಸಿಡಿಮಿಡಿಗಳು ಹೆಚ್ಚುಕಡಿಮೆ ಪ್ರತಿದಿನವೂ ಎರಡು ವಾರಗಳಿಗೆ ಮೀರಿ ನಡೆದರೆ, ತಾಯಿಯನ್ನಗಲುವ ಭಯ, ಶಾಲೆಯ ಭಯ, ಮಾತಾಡದಿರುವಿಕೆಗಳು ಒಂದು ತಿಂಗಳಾದರೂ ಇಳಿಯದಿದ್ದರೆ, ಕಾಲದ ಅಳತೆ ಮೀರಿತೆಂದು ತಿಳಿಯಬೇಕು. ಒಂದೇ ಕಡೆ ತೊಂದರೆಯಿದ್ದರೆ ಆ ಕಡೆಯಲ್ಲಿ ಕಾರಣ ಹುಡುಕಬಹುದು: ಒಂದೇ ವಿಷಯದ ತರಗತಿಗೆ ಅಂಜುವ ಹುಡುಗನಿಗೆ ಆ ಮಾಸ್ತರರ ಬೆತ್ತದ ಭಯವಿದ್ದೀತು. ಮನೆ, ಶಾಲೆ, ಆಟದ ಬಯಲು ಮೂರರಲ್ಲಿಯೂ ಮಗು ಬದಲಾಗಿದ್ದರೆ ವ್ಯಾಪ್ತಿ ದೊಡ್ಡದಾಯಿತು. ಇನ್ನು ಹಾನಿಯ ಮಾತು. ನಿದ್ರೆ ಕೆಟ್ಟಿದೆಯೇ? ತೂಕ ಇಳಿದಿದೆಯೇ? ಗೆಳೆಯರು ದೂರವಾದರೇ? ಚೆನ್ನಾಗಿ ಓದುತ್ತಿದ್ದವನ ಅಂಕಗಳು ಒಮ್ಮೆಲೆ ಕುಸಿದವೇ? ಮುಂಚೆ ಯಾವುದರಿಂದ ಸಂತೋಷವಾಗುತ್ತಿತ್ತೋ ಅದರಿಂದ ಈಗ ಆಗುತ್ತಿಲ್ಲವೇ? ಈ ಮೂರು ಅಳತೆಗಳಲ್ಲಿ ಎರಡಾದರೂ ಕೂಡಿ ಬಂದರೆ “ದೊಡ್ಡವನಾದ ಮೇಲೆ ತಾನಾಗಿ ಸರಿಹೋದೀತು” ಎಂದು ಕಾಯಬಾರದು. ಬಲ್ಲವರಿಗೆ ತೋರಿಸಬೇಕು.

ಕಾಲವನ್ನು ಅಳೆಯುತ್ತ ಕೂಡಬಾರದ ಪ್ರಸಂಗಗಳೂ ಇವೆ. ಮಗು ಸಾವಿನ ಮಾತಾಡಿದರೆ, “ನಾನಿಲ್ಲದಿದ್ದರೆ ನಿಮಗೆ ಸುಖ” ಎಂದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ, ಯಾರಿಗೂ ಕೇಳದ ಧ್ವನಿಗಳು ತನಗೆ ಕೇಳುತ್ತವೆಂದರೆ, ಅನ್ನನೀರು ಬಿಟ್ಟರೆ, ಅಂದೇ ವೈದ್ಯರನ್ನು ಕಾಣಬೇಕು. ಸಾಯುವ ವಿಚಾರ ಬಂದಿದೆಯೇ ಎಂದು ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಹಾಕಿದಂತಾಗುವದೆಂದು ಜನ ಅಂಜುತ್ತಾರೆ. ತಜ್ಞರ ಅನುಭವ ಇದಕ್ಕೆ ವಿರುದ್ಧವಾಗಿದೆ. ಶಾಂತವಾಗಿ, ನೇರವಾಗಿ ಕೇಳಿದರೆ ಮಗುವಿನ ಎದೆಯ ಭಾರ ಇಳಿಯುವದೇ ಹೊರತು ಏರುವದಿಲ್ಲ. ಅಂಥ ಮಗುವನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ತಂದ ಕೀಟನಾಶಕವನ್ನೂ ಹಿರಿಯರ ಮಾತ್ರೆಗಳನ್ನೂ ಬೀಗ ಹಾಕಿಡುವದು, ಸಾಧ್ಯವಾದರೆ ಮನೆಯಿಂದಲೇ ದೂರವಿಡುವದು, ಪ್ರತಿಯೊಂದು ರೈತ ಕುಟುಂಬದ ನಿಯಮವಾಗಬೇಕು.

ತಪ್ಪು ಯಾರದು?

ಬೇನೆ ಇದೆಯೆಂದು ಗೊತ್ತಾದೊಡನೆ ಮನೆಯಲ್ಲಿ ಆರಂಭವಾಗುವದು ತಪ್ಪಿನ ವಿಚಾರಣೆ. ಸಾಮಾನ್ಯವಾಗಿ ತಾಯಿಯೇ ಅಪರಾಧಿಯಾಗುತ್ತಾಳೆ. ಇದು ಸಲ್ಲದು. ಮನೋವ್ಯಥೆಗೆ ಒಂದೇ ಕಾರಣವೆಂಬುದಿಲ್ಲ. ವಂಶದಿಂದ ಬಂದ ಸ್ವಭಾವ, ಮೆದುಳಿನ ಬೆಳವಣಿಗೆಯ ರೀತಿ, ಮನೆಯ ಜಗಳ, ತಂದೆಯ ಕುಡಿತ, ಸಾಲದ ಕಾಟ, ಆಪ್ತರ ಮರಣ, ಶಾಲೆಯಲ್ಲಿ ದೊಡ್ಡ ಹುಡುಗರ ಪೀಡೆ ಹೀಗೆ ಅನೇಕ ಎಳೆಗಳು ಹೆಣೆದುಕೊಂಡಿರುತ್ತವೆ. ಅಕ್ಷರಗಳು ತಲೆಯಲ್ಲಿ ನಿಲ್ಲದ ಕಲಿಕೆಯ ತೊಡಕನ್ನು ಯಾರೂ ಗುರುತಿಸದೆ, ವರ್ಷಗಟ್ಟಲೆ ದಡ್ಡನೆನಿಸಿಕೊಂಡು ಖಿನ್ನನಾಗುವ ಹುಡುಗನೂ ಇರುತ್ತಾನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರಬಹುದೆಂಬ ಸಂಗತಿಯನ್ನೂ ಮರೆಯಲಾಗದು. ಒಬ್ಬ ವ್ಯಕ್ತಿಯ ಹತ್ತಿರ ಹೋಗಲು ಮಗು ಇದ್ದಕ್ಕಿದ್ದಂತೆ ಹೆದರತೊಡಗಿದರೆ ಆ ವ್ಯಕ್ತಿ ಎಷ್ಟೇ ಹತ್ತಿರದ ನೆಂಟನಾಗಿರಲಿ, ಮಗುವಿನ ಮಾತನ್ನು ಮೊದಲು ನಂಬಬೇಕು. ಇಂಥ ಅಪರಾಧ ನಡೆದದ್ದು ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು ೨೦೧೨ರ ಪೋಕ್ಸೋ ಕಾಯದೆ ವಿಧಿಸಿದೆ. ಮಕ್ಕಳ ಸಹಾಯವಾಣಿ ೧೦೯೮ಕ್ಕೂ ಕರೆ ಮಾಡಬಹುದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮುಂದೆ ಮಾಡಿಕೊಂಡು ಬೆತ್ತ ಹಿಡಿಯುವವರಿಗೆ ಒಂದು ಮಾತು. ಗಿಡವನ್ನು ಬಗ್ಗಿಸುವವನು ಅದರ ಕಾಂಡವನ್ನು ಮುರಿಯುವದಿಲ್ಲ. ಗೂಟ ನೆಟ್ಟು, ಮೆಲ್ಲಗೆ ಕಟ್ಟಿ, ನೀರು ಹೊಯ್ಯುತ್ತಾನೆ. ಭಯದಿಂದ ಬಳಲುವ ಮಗುವಿಗೆ ಹೊಡೆದರೆ ಭಯ ಇಮ್ಮಡಿಯಾಗುವದಲ್ಲದೆ ಮತ್ತೇನೂ ಆಗುವದಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವದನ್ನೂ ಮಾನಸಿಕವಾಗಿ ಹಿಂಸಿಸುವದನ್ನೂ ೨೦೦೯ರ ಶಿಕ್ಷಣ ಹಕ್ಕು ಕಾಯದೆಯ ೧೭ನೆಯ ಕಲಮು ಸ್ಪಷ್ಟವಾಗಿ ನಿಷೇಧಿಸಿದೆ. ಕಾಯದೆ ಪುಸ್ತಕದಲ್ಲಿದೆ, ಬೆತ್ತ ಇನ್ನೂ ಎಷ್ಟೋ ಮಾಸ್ತರರ ಮೇಜಿನ ಮೇಲಿದೆ.

ಇನ್ನು ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಎಂಬ ನಂಬಿಕೆ. ದೇವರಲ್ಲಿ ಹರಕೆ ಹೊರುವ ತಾಯಿಯ ಭಕ್ತಿಯನ್ನು ನಾವು ಹಳಿಯುವದಿಲ್ಲ. ಕುಲದೇವರ ದರ್ಶನ ಮಾಡಿಸಿ ನಂತರ ಡಾಕ್ಟರರ ಕಡೆಗೆ ಕರೆತಂದರೆ ಯಾರ ಆಕ್ಷೇಪವೂ ಇಲ್ಲ. ಆದರೆ ದೆವ್ವ ಬಿಡಿಸುವ ನೆವದಲ್ಲಿ ಮಗುವನ್ನು ಕಟ್ಟುವದು, ಬಡಿಯುವದು, ಸುಡುವದು ಮಹಾಪಾಪ. ಈಗ ಅದು ಅಪರಾಧವೂ ಹೌದು. ಇಂಥ ಅಮಾನುಷ ಆಚರಣೆಗಳನ್ನು ತಡೆಯಲು ಕರ್ನಾಟಕದ ವಿಧಾನಮಂಡಲವು ೨೦೧೭ರಲ್ಲಿ ಮಾಡಿದ ಕಾಯದೆ ೨೦೨೦ರ ಜನವರಿಯಿಂದ ಜಾರಿಯಲ್ಲಿದೆ.

ಏನು ಮಾಡಬೇಕು, ಎಲ್ಲಿಗೆ ಹೋಗಬೇಕು?

ಮೊದಲ ಚಿಕಿತ್ಸೆ ಮನೆಯಲ್ಲಿಯೇ ಆರಂಭವಾಗಬೇಕು. ಪ್ರತಿದಿನ ಅರ್ಧ ತಾಸು, ಕೈಯಲ್ಲಿ ಮೊಬೈಲು ಇಲ್ಲದೆ, ಉಪದೇಶವಿಲ್ಲದೆ, ಮಗುವಿನೊಡನೆ ಕುಳಿತುಕೊಳ್ಳಿರಿ. “ಯಾಕೆ ಹೀಗೆ ಮಾಡಿದೆ?” ಎಂದು ಕೇಳುವ ಬದಲು “ಏನಾಯಿತು?” ಎಂದು ಕೇಳಿರಿ. ಉತ್ತರ ಅಂದೇ ಬಾರದಿದ್ದರೆ ಮರುದಿನ ಕಾಯಿರಿ. ವರ್ಗದ ಮಾಸ್ತರರನ್ನೋ ಅಕ್ಕೋರನ್ನೋ ಕಂಡು ಅಲ್ಲಿ ಮಗು ಹೇಗಿದೆಯೆಂದು ವಿಚಾರಿಸಿರಿ. ಮಗು ಎಂದು ಅತ್ತಿತು, ಎಷ್ಟು ನಿದ್ರೆ ಮಾಡಿತು, ಯಾವ ದಿನ ಶಾಲೆ ತಪ್ಪಿಸಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದೆ ಡಾಕ್ಟರರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಇಷ್ಟರಿಂದ ಗುಣ ಕಾಣದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಇರುವ ಮನೋವೈದ್ಯ ವಿಭಾಗಕ್ಕೆ ಹೋಗಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ನಿಮ್ಹಾನ್ಸಿನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವೇ ಇದೆ. ದೂರ ಹೋಗಲಾಗದವರು ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಟೆಲಿ ಮಾನಸ್ ಎಂಬ ಈ ರಾಷ್ಟ್ರೀಯ ಸೇವೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾಯಿತು.

ದವಾಖಾನೆಯ ಒಳಗೆ ಏನು ನಡೆಯುವದೋ ಎಂಬ ಅಂಜಿಕೆ ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ. ಅಲ್ಲಿ ನಡೆಯುವದು ಬಹುತೇಕ ಮಾತುಕತೆ. ತಂದೆತಾಯಿಗಳಿಂದ ವಿವರ ಕೇಳುತ್ತಾರೆ; ಮಗುವಿನೊಡನೆ ಪ್ರತ್ಯೇಕವಾಗಿ ಮಾತಾಡುತ್ತಾರೆ; ಚಿಕ್ಕದಿದ್ದರೆ ಆಡಿಸಿ, ಚಿತ್ರ ಬರೆಯಿಸಿ ಅದರ ಮನಸ್ಸನ್ನು ಅರಿಯುತ್ತಾರೆ. ಕಿವಿ, ಕಣ್ಣು, ರಕ್ತದ ಕೊರತೆ, ಥೈರಾಯಿಡು ಮುಂತಾದ ದೇಹದ ಕಾರಣಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಭಯಪಡುವ ಮಗುವಿಗೆ ಭಯವನ್ನು ಮೆಟ್ಟಲು ಮೆಟ್ಟಲಾಗಿ ಎದುರಿಸುವ ಅಭ್ಯಾಸ ಮಾಡಿಸುವದು, ತಂದೆತಾಯಿಗಳಿಗೆ ನಡೆದುಕೊಳ್ಳುವ ರೀತಿಯನ್ನು ಕಲಿಸುವದು, ಶಾಲೆಯಲ್ಲಿ ಕೆಲವು ಅನುಕೂಲಗಳನ್ನು ಮಾಡಿಸುವದು ಇವೇ ಮುಖ್ಯ ಉಪಚಾರಗಳು. ಔಷಧ ಎಲ್ಲರಿಗೂ ಬೇಕಾಗುವದಿಲ್ಲ. ಬೇಕಾದವರು ವೈದ್ಯರ ಕಣ್ಣಳತೆಯಲ್ಲಿಯೇ ತೆಗೆದುಕೊಳ್ಳಬೇಕು, ಗುಣವಾಯಿತೆಂದು ನಡುವೆ ತಾವಾಗಿ ನಿಲ್ಲಿಸಬಾರದು. “ಹೆಣ್ಣುಮಗು, ನಾಳೆ ಮದುವೆಗೆ ತೊಡಕಾದೀತು” ಎಂದು ಅಳುಕುವವರು ತಿಳಿಯಬೇಕಾದ ಸಂಗತಿಯೊಂದಿದೆ: ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯದೆಯು ಚಿಕಿತ್ಸೆಯ ವಿವರಗಳನ್ನು ಗುಪ್ತವಾಗಿಡುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಬಚ್ಚಿಟ್ಟು ಬೆಳೆಸಿದ ಬೇನೆಯೇ ಮುಂದೆ ಬಾಳಿಗೆ ತೊಡಕಾಗುವದು, ವೇಳೆಗೆ ಸರಿಯಾಗಿ ತೋರಿಸಿದ ಬೇನೆಯಲ್ಲ.

ಸರಕಾರದ ಹೊಣೆ

ಮನೆಯವರ ಕರ್ತವ್ಯವನ್ನು ಹೇಳಿ ಸರಕಾರದ ಕರ್ತವ್ಯವನ್ನು ಬಿಟ್ಟರೆ ನಮ್ಮ ಮಾತು ಅರ್ಧವಾದೀತು. ಈ ವಿಷಯದಲ್ಲಿ ಕನ್ನಡನಾಡು ದೇಶಕ್ಕೆ ದಾರಿ ತೋರಿಸಿದ ನಾಡು. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ಶಿಕ್ಷಣ ಕೊಟ್ಟು, ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ದೊರಕಿಸಬಹುದೆಂದು ಸಿದ್ಧಪಡಿಸಿತು. ಅದೇ ಮಾದರಿಯ ಮೇಲೆ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಬಳ್ಳಾರಿಯಲ್ಲಿ ವೈದ್ಯರಿಗೆ ಮಾಡಿದ್ದನ್ನು ಇಂದು ಪ್ರತಿ ತಾಲೂಕಿನಲ್ಲಿ ಮಾಸ್ತರರಿಗೆ ಏಕೆ ಮಾಡಬಾರದು? ದಿನಕ್ಕೆ ಆರು ತಾಸು ಮಗುವನ್ನು ಕಾಣುವವರು ಅವರೇ. ಮಾಸ್ತರರು ಡಾಕ್ಟರರಾಗಬೇಕೆಂದು ನಾವು ಕೇಳುವದಿಲ್ಲ. ಯಾವ ಮಗುವನ್ನು ಯಾರ ಕಡೆಗೆ ಕಳಿಸಬೇಕೆಂಬುದನ್ನು ಅವರು ಬಲ್ಲವರಾದರೆ ಸಾಕು. ಶಿಕ್ಷಕರ ತರಬೇತಿಯಲ್ಲಿ ಇದು ನೆಪಕ್ಕೆ ಬರುವ ಒಂದು ಪಾಠವಾಗದೆ ಕಡ್ಡಾಯದ ಅಭ್ಯಾಸವಾಗಬೇಕು. ಹೈಸ್ಕೂಲುಗಳ ಪ್ರತಿಯೊಂದು ಗುಂಪಿಗೆ ಒಬ್ಬ ಶಿಕ್ಷಿತ ಆಪ್ತಸಮಾಲೋಚಕನನ್ನು ನೇಮಿಸಬೇಕು. ೨೦೧೩ರಿಂದ ನಡೆದುಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ ಹಲ್ಲು, ಕಣ್ಣು ನೋಡುವಷ್ಟೇ ಆಸ್ಥೆಯಿಂದ ಮಗುವಿನ ನಿದ್ರೆ, ಭಯ, ದುಃಖಗಳನ್ನೂ ವಿಚಾರಿಸಬೇಕು.

ಪತ್ರಿಕೆಗಳಿಗೂ ಒಂದು ಹೊಣೆಯಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಮೊದಲ ಸ್ಥಾನ ಪಡೆದವರ ಭಾವಚಿತ್ರಗಳಿಂದ ಪುಟಗಳು ತುಂಬಿರುತ್ತವೆ. ಅದೇ ದಿನ ಅದೇ ಪುಟವನ್ನು ಅನುತ್ತೀರ್ಣನಾದ ಹುಡುಗನೂ ಮನೆಯ ಮೂಲೆಯಲ್ಲಿ ಕುಳಿತು ಓದುತ್ತಾನೆ. ಅದೇ ವರ್ಷ ಮರಳಿ ಪರೀಕ್ಷೆಗೆ ಕೂಡ್ರುವ ಅವಕಾಶವಿದೆಯೆಂಬ ಸುದ್ದಿಯೂ, ೧೪೪೧೬ ಎಂಬ ಸಂಖ್ಯೆಯೂ ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರಬೇಕೆಂದು ನಮ್ಮ ಸೂಚನೆ.

ಜೂನದಲ್ಲಿ ಶಾಲೆಗಳು ತೆರೆಯುವಾಗ ಪಾಲಕರು ವಹಿ, ಚೀಲ, ಸಮವಸ್ತ್ರಗಳ ಯಾದಿ ಮಾಡುತ್ತಾರೆ. ಮಗು ಶಾಲೆಗೆ ಸಂತೋಷದಿಂದ ಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಆ ಯಾದಿಯ ಮೊದಲಿಗೆ ಬರೆದುಕೊಳ್ಳಬೇಕೆಂದು ನಾವು ವಾಚಕರನ್ನು ಕೇಳಿಕೊಳ್ಳುತ್ತೇವೆ. ಉತ್ತರ ಅನುಮಾನದ್ದಾಗಿದ್ದರೆ ಮೊದಲು ಮಗುವನ್ನೇ ಕೇಳಿರಿ, ಆಮೇಲೆ ಮಾಸ್ತರರನ್ನು. ಅಲ್ಲಿಯೂ ಸಮಾಧಾನ ದೊರೆಯದಿದ್ದರೆ, ಜ್ವರ ಬಂದ ದಿನ ಹೇಗೆ ಹೋಗುತ್ತಿದ್ದಿರೋ ಹಾಗೆಯೇ ಯಾವ ನಾಚಿಕೆಯೂ ಇಲ್ಲದೆ ದವಾಖಾನೆಗೆ ಹೋಗಿರಿ.